ಜೇಬಿನೊಳಗಿನ ಕೈ

ಆ ಚಿತ್ರಕ್ಕೆ ಈಗ ದೊಡ್ಡ ಹೆಸರು. ಚಿತ್ರಶಾಲೆಯಲ್ಲಿ ಒಂದಿಡೀ ಗೋಡೆಯನ್ನು ಅದಕ್ಕೇ ಬಿಟ್ಟಿದ್ದಾರೆ. ಉದ್ದನೆಯ ಮೇಜಿನ ಸುತ್ತ ಒಂಬತ್ತು ಜನ ಯಜಮಾನರು, ಕೆಲವರು ಕೂತು, ಕೆಲವರು ನಿಂತು. ಎಲ್ಲರ ಮೈಮೇಲೂ ಕಪ್ಪು ಕೋಟು. ಅಂಟಿನ ಕಾರ್ಖಾನೆಗೆ ಐವತ್ತು ವರ್ಷ ತುಂಬಿದಾಗ ಬರೆಸಿದ್ದು. ಮುಖಗಳಲ್ಲಿ ಅಂಥ ವಿಶೇಷವೇನಿಲ್ಲ, ಹೊಟ್ಟೆ ತುಂಬಿದವರ ಮುಖಗಳು. ಜನ ದೂರದಿಂದ ಬಂದು ನೋಡುವುದು ಕೈಗಳನ್ನು. ಬೆಳ್ಳಗೆ, ತುಂಬಿಕೊಂಡು, ಒಂದು ಗೆರೆಯೂ ಇಲ್ಲದೆ, ಈಗ ತಾನೇ ಹಾಲಿನಿಂದ ತೆಗೆದಂತಿರುವ ಹದಿನೇಳು ಕೈಗಳು. ಹದಿನೆಂಟನೆಯದು, ಅಧ್ಯಕ್ಷರ ಬಲಗೈ, ಕೋಟಿನ ಜೇಬಿನೊಳಗಿದೆ.

ಚಿತ್ರ ತೋರಿಸುವ ನೌಕರ ದಿನವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾನೆ. "ಜನ್ಮದಲ್ಲಿ ಒಂದು ದಿನಾನೂ ಕೆಲಸ ಮಾಡದ ಕೈ ಹೇಗಿರುತ್ತೆ ಅಂತ ನೋಡಬೇಕಾದರೆ ಇಲ್ಲಿ ನೋಡಿ. ಜೇಬಲ್ಲಿ ಏನಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಗಡಿಯಾರ ಅಂತಾರೆ, ತಿಜೋರಿ ಬೀಗದ ಕೈ ಅಂತಾರೆ." ಆಮೇಲೆ ಬೇಗ ಬೇಗ ಮುಂದಿನ ಕೋಣೆಗೆ ಕರೆದೊಯ್ಯುತ್ತಾನೆ, ಯಾಕೆಂದರೆ ಹವೆಯಲ್ಲಿ ತೇವವಿದ್ದ ದಿನ ಆ ಚಿತ್ರ ನಾರುತ್ತದೆ. ಸತ್ತ ಇಲಿಯನ್ನು ಸುಣ್ಣದಲ್ಲಿ ಹೂತಿಟ್ಟಂಥ, ಗಂಟಲಲ್ಲಿ ಕೂತು ಇಳಿಯದ ನಾತ.

ಜೇಬಿನಲ್ಲಿ ಏನಿತ್ತು ಅನ್ನುವುದು ಒಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ನಾತದ ಮೂಲವೂ ಅವಳಿಗೆ ಗೊತ್ತಿತ್ತು. ಕೈಗಳಂತೂ ಅವಳವೇ.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು. ಹದಿನಾಲ್ಕನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು. ಕಸಾಯಿಖಾನೆಯ ಹಿತ್ತಲಿಂದ ಗಾಡಿಗಳಲ್ಲಿ ಮೂಳೆ, ಗೊರಸು, ಚರ್ಮದ ಚೂರು ಬಂದು ಅಂಗಳದಲ್ಲಿ ರಾಶಿ ಬೀಳುತ್ತಿದ್ದವು. ಅವನ್ನು ಸುಣ್ಣದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ತೊಳೆದು, ದೊಡ್ಡ ಹಂಡೆಗಳಲ್ಲಿ ಕುದಿಸಬೇಕು. ಮೊದಲ ಕುದಿಯಲ್ಲಿ ಇಳಿಯುವ ಅಂಟು ಜೇನಿನ ಬಣ್ಣದ್ದು, ಎರಡನೆಯದು ಮಂಕು, ಮೂರನೆಯದು ಕೆಸರು. ಅಂಟಕ್ಕನದು ಮೊದಲ ಕುದಿಯ ಕೆಲಸ. ರಸ ಸೋಸಿ, ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿ, ತಂತಿಯಿಂದ ಹಾಳೆ ಹಾಳೆಯಾಗಿ ಕೊಯ್ದು, ಹರಿಯದಂತೆ ಎತ್ತಿ ಬಲೆಯ ಮೇಲೆ ಒಣಹಾಕುವುದು. ದಿನಕ್ಕೆ ಹತ್ತು ಗಂಟೆ ಅವಳ ಕೈ ಆ ಬೆಚ್ಚಗಿನ ಲೋಳೆಯಲ್ಲೇ ಇರುತ್ತಿತ್ತು. ಮೂವತ್ತೊಂದು ವರ್ಷ ಹಾಗೆ ನೆನೆದು ನೆನೆದು ಕೈಗಳು ಮಗುವಿನ ಕೆನ್ನೆಯಂತಾಗಿದ್ದವು. ಮುಖ ಸೊರಗಿತ್ತು, ಸೊಂಟ ಬಾಗಿತ್ತು, ಕೈ ಮಾತ್ರ ಬೇರೆ ಯಾರದೋ ಎಂಬಂತೆ ಬೆಳ್ಳಗೆ ಉಳಿದಿತ್ತು.

ಮೈಗೆ ಹತ್ತಿದ ವಾಸನೆ ಮಾತ್ರ ಬೇರೆ ಯಾರದೋ ಆಗಿರಲಿಲ್ಲ. ಅದು ಕೂದಲ ಬುಡದಲ್ಲಿ, ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಮನೆ ಮಾಡಿಕೊಂಡಿತ್ತು. ತಣ್ಣೀರಿಗೆ ಅದು ಬಗ್ಗುವುದಲ್ಲ. ಅಂಟಿನ ಜಿಡ್ಡು ತಣ್ಣೀರು ತಾಗಿದರೆ ಇನ್ನಷ್ಟು ಬಿಗಿಯುತ್ತದೆ. ಹೋಗಬೇಕಾದರೆ ಬಿಸಿಬಿಸಿ ನೀರು ಬೇಕು, ಅದೂ ಕೊಡಗಟ್ಟಲೆ. ಅವಳಿದ್ದ ಬಾಡಿಗೆ ಕೋಣೆಯಲ್ಲಿ ಒಂದು ಪಾತ್ರೆ ನೀರು ಕಾಯಿಸುವುದಕ್ಕೇ ಸೌದೆ ಸಾಲುತ್ತಿರಲಿಲ್ಲ.

ಇಷ್ಟು ವರ್ಷ ಅವಳು ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. ಮಗಳಿಗೆ ಹೆರಿಗೆಯಾದ ಮೇಲೆ ಕಷ್ಟ ಶುರುವಾಯಿತು.

ಅಳಿಯನದು ಕ್ಷೌರದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಗೆ ಹೋಗಬೇಕಾದರೆ ಅಂಗಡಿಯ ನಡುವೆಯೇ ಹಾಯಬೇಕು. ಅಂಟಕ್ಕ ಮೊಮ್ಮಗಳನ್ನು ನೋಡಲು ಹೋದ ದಿನ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬ ನೊರೆಯ ಸಮೇತ ಎದ್ದು ಬೀದಿಗೆ ಹೋಗಿ ನಿಂತ. ಅಳಿಯ ಕತ್ತಿಯನ್ನು ಮತ್ತೆ ಮತ್ತೆ ಒರೆಸಿದ. ಒಳಗೆ ಮಗಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅಂಟಕ್ಕ ಹತ್ತಿರ ಬಂದದ್ದೇ ತಡ, ಮಗು ಹಾಲು ಕಕ್ಕಿತು.

"ಅಮ್ಮ, ಬೇಜಾರು ಮಾಡ್ಕೋಬೇಡ," ಎಂದಳು ಮಗಳು, ಮಗುವಿನ ಬಾಯಿ ಒರೆಸುತ್ತ. "ಅಲ್ಲೇ ಬಾಗಿಲ ಹತ್ರ ಕೂತ್ಕೋ. ಅಲ್ಲಿಂದಾನೂ ಚೆನ್ನಾಗಿ ಕಾಣ್ತಾಳೆ."

"ಕಾಣ್ತಾಳೆ," ಎಂದಳು ಅಂಟಕ್ಕ. ಕೂತಳು. ಮೂರು ತಿಂಗಳು ಹಾಗೆ ಬಾಗಿಲಲ್ಲೇ ಕೂತು ಬಂದಳು. ಎತ್ತಿಕೊಳ್ಳಲಿಲ್ಲ. ಆ ಮಗುವಿನ ತೂಕ ಎಷ್ಟಿದ್ದೀತು ಅನ್ನುವುದನ್ನು ಕೆಲಸದ ನಡುವೆ ಅಂಟಿನ ತಟ್ಟೆ ಎತ್ತುವಾಗೆಲ್ಲ ಅಂದಾಜು ಮಾಡುತ್ತಿದ್ದಳು.

ಬಿಸಿನೀರಿನ ಆಸೆ ಅವಳದೊಬ್ಬಳದೇ ಅಲ್ಲ. ಹೆಂಗಸರೆಲ್ಲ ಸೇರಿ ಕೇಳಿ ಕೇಳಿ, ಕೊನೆಗೆ ಯಜಮಾನರು ಅಂಗಳದ ಮೂಲೆಯಲ್ಲಿ ಸ್ನಾನದ ಮನೆ ಕಟ್ಟಿಸಲು ಒಪ್ಪಿದ್ದರು. ಗೋಡೆ ಎದ್ದಿತು. ನೆಲಕ್ಕೆ ಕಲ್ಲು ಹಾಸಿ ಬಚ್ಚಲ ಕಂಡಿ ಬಿಟ್ಟರು. ಹಿಂಬದಿಯ ಗೋಡೆಯಾಚೆ ಒಲೆ ಕಟ್ಟಿ ತಾಮ್ರದ ಹಂಡೆ ಕೂರಿಸಿದರು. ಆಮೇಲೆ ಯಾರಿಗೋ ನೆನಪಾಯಿತು, ಕಾರ್ಖಾನೆಗೆ ಐವತ್ತು ವರ್ಷವಾಯಿತು, ಒಂದು ಸಭಾಭವನವೂ ಇಲ್ಲವಲ್ಲ ಎಂದು. ಬಚ್ಚಲ ಕಂಡಿಯ ಮೇಲೆ ರತ್ನಗಂಬಳಿ ಬಂತು. ಹಂಡೆ ಭವನವನ್ನು ಬೆಚ್ಚಗಿಡಲು ಆಯಿತು. ಒಂಬತ್ತು ಜನರ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ಅದೇ ಬೆಚ್ಚಗಿನ ಗೋಡೆಗೆ ಅಂಟಿಸುವುದೆಂದು ತೀರ್ಮಾನವಾಯಿತು.

ಚಿತ್ರಗಾರ ಬಂದ. ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಕಟ್ಟಿದ ಬಟ್ಟೆಯನ್ನು ಹೊತ್ತುಹೊತ್ತಿಗೂ ಮೂಗಿಗೆ ಏರಿಸಿಕೊಳ್ಳುವವನು. ಯಜಮಾನರಿಗೆ ಕೂರಲು ಪುರಸೊತ್ತಿಲ್ಲ. ಮುಖಕ್ಕೆ ಒಬ್ಬೊಬ್ಬರು ಒಂದೊಂದು ಗಂಟೆ ಕೊಟ್ಟರು, ಉಳಿದದ್ದಕ್ಕೆ ಕೋಟು ಕಳಿಸಿದರು. ಕೋಟುಗಳನ್ನು ಮರದ ಗೊಂಬೆಗೆ ತೊಡಿಸಿ ಬರೆಯಬಹುದು. ಕೈಗಳಿಗೇನು ಮಾಡುವುದು? ಚಿತ್ರಗಾರ ಗುಮಾಸ್ತನ ಕೈ ನೋಡಿದ, ಶಾಯಿ. ಕಾವಲುಗಾರನ ಕೈ ನೋಡಿದ, ಬೇರು. ಬೇಸರದಿಂದ ಅಂಗಳ ದಾಟುತ್ತಿದ್ದವನು ಒಣಗಿಸುವ ಚಪ್ಪರದಲ್ಲಿ ಜೇನುಬಣ್ಣದ ಹಾಳೆ ಎತ್ತುತ್ತಿದ್ದ ಅಂಟಕ್ಕನ ಕೈ ಕಂಡು ನಿಂತುಬಿಟ್ಟ. ಮೂಗಿನ ಬಟ್ಟೆಯನ್ನೂ ಮರೆತ. ಮರೆತದ್ದು ಒಡನೆಯೇ ನೆನಪಾಗಿ ಕೆಮ್ಮಿದ.

"ನಾಳೆಯಿಂದ ಈಕೇನ ಕಳಿಸಿ," ಎಂದ ಗುಮಾಸ್ತನಿಗೆ. "ಬರೋಕೆ ಮುಂಚೆ ಸ್ನಾನ ಆಗಿರಬೇಕು. ಬಿಸಿನೀರಲ್ಲಿ. ಸೋಪು ಹಾಕಿ. ತಲೆಗೂ."

"ಇಲ್ಲಿ ಎಲ್ಲಿ ಸ್ವಾಮಿ ಬಿಸಿನೀರು?" ಎಂದ ಗುಮಾಸ್ತ.

"ಆ ಹಂಡೆಯಲ್ಲಿರೋದೇನು, ಪಾಯಸಾನಾ?"

ಹೀಗೆ, ಒಂಬತ್ತು ಜನರ ಕೈಗಳಾಗುವುದಕ್ಕೋಸ್ಕರ, ಹೆಂಗಸರಿಗೆಂದು ಕಟ್ಟಿದ ಆ ಮನೆಯ ಬಿಸಿನೀರು ಅವಳೊಬ್ಬಳಿಗೆ ಸಿಕ್ಕಿತು. ಒಲೆಯ ಪಕ್ಕದ ಸಂದಿಯಲ್ಲಿ ಗೋಣಿ ಮರೆಮಾಡಿಕೊಂಡು ಮೊದಲ ದಿನ ಅವಳು ಮೈ ತೊಳೆದಳು. ಹರಿದು ಹೋದ ನೀರು ಕಂದು ಬಣ್ಣಕ್ಕಿತ್ತು, ಮೇಲೆ ಜಿಡ್ಡಿನ ಕಣ್ಣುಗಳು ತೇಲುತ್ತಿದ್ದವು. ಇಷ್ಟನ್ನು ಹೊತ್ತುಕೊಂಡು ತಾನು ಊಟ ಮಾಡಿದೆನಲ್ಲ, ಮಲಗಿದೆನಲ್ಲ, ಹಡೆದೆನಲ್ಲ ಅನ್ನಿಸಿತು.

ಏಳನೆಯ ದಿನ ನೀರು ನೀರಿನ ಬಣ್ಣದಲ್ಲೇ ಹರಿಯಿತು. ಆ ಸಂಜೆ ಅವಳು ಅಂಗಡಿ ಹಾಯ್ದು ಹೋದಾಗ ಗಿರಾಕಿ ಕಣ್ಣು ಕೂಡ ತೆರೆಯಲಿಲ್ಲ. ಮಗಳು ತಾಯಿಯ ಕತ್ತು ಮೂಸಿದಳು, ನೆತ್ತಿ ಮೂಸಿದಳು, ಅಂಗೈ ತಿರುಗಿಸಿ ಮೂಸಿದಳು, ಮಾರುಕಟ್ಟೆಯಲ್ಲಿ ಹಣ್ಣು ನೋಡುವವರಂತೆ. ಆಮೇಲೆ ಮಗುವನ್ನು ಅವಳ ತೋಳಿಗೆ ಇಟ್ಟಳು. ಅಂಟಕ್ಕನ ಅಂದಾಜು ತಪ್ಪಿತ್ತು. ಮಗು ಎರಡು ತಟ್ಟೆಗಿಂತ ಭಾರವಿತ್ತು.

ಆದರೆ ಆ ಹಗಲುಗಳ ಕತೆಯೇ ಬೇರೆ. ಚಿತ್ರಗಾರನ ಪದ್ಧತಿ ಏನೆಂದರೆ, ತೋಳು ಕೋಟಿನೊಳಗೆ ಇದ್ದರೇ ಮಣಿಕಟ್ಟು ಸರಿಯಾಗಿ ಮಲಗುತ್ತದೆ. ಹಾಗಾಗಿ ಅಂಟಕ್ಕ ಒಬ್ಬೊಬ್ಬರ ಕೋಟನ್ನೂ ತೊಡಬೇಕಾಯಿತು. ಹೊರಗೆ ನೋಡಿದರೆ ಇಸ್ತ್ರಿ, ಹೊಳಪು. ಒಳಗೆ? ಖಜಾಂಚಿಯ ಕೋಟಿನ ಕಂಕುಳ ಬೆವರು ಒಣಗಿ ಒಣಗಿ ಉಪ್ಪಿನ ತೊಗಟೆಯಾಗಿತ್ತು, ತೋಳು ಮಡಚಿದರೆ ಚರಚರ ಅನ್ನುತ್ತಿತ್ತು. ಇನ್ನೊಬ್ಬರ ಕಾಲರಿನಲ್ಲಿ ತಲೆಹೊಟ್ಟೂ ಎಣ್ಣೆಯೂ ಕಲೆತು ಬೆರಳಿಗೆ ಮೇಣದಂತೆ ಬರುತ್ತಿತ್ತು. ತೀರ ಮುದುಕರಾಗಿದ್ದ ಯಜಮಾನರೊಬ್ಬರ ಒಳಜೇಬಿನಲ್ಲಿ ಅಗಿದು ಉಗುಳಿದ ಮಾಂಸದ ತುಂಡು ಕಾಗದಕ್ಕೆ ಅಂಟಿ ಕೂತಿತ್ತು, ಅದಕ್ಕೊಂದು ಬಿಳಿ ಕೂದಲು. ಊಟದ ಮೇಜಿನಲ್ಲಿ ಯಾರೂ ನೋಡದಂತೆ ಬಾಯಿಂದ ತೆಗೆದು ಜೇಬಿಗೆ ಸೇರಿಸಿ ಮರೆತದ್ದಿರಬೇಕು.

ಮೂಳೆ ರಾಶಿಯ ನಡುವೆ ಹುಳ ಹರಿದರೂ ಮುಖ ಸಿಂಡರಿಸದವಳು ಆ ಕೋಟುಗಳಿಗೆ ಹೇಸಿದಳು. ಅಂಗಳದ ಹೊಲಸು ಕಣ್ಣಿಗೆ ಕಾಣುವಂಥದ್ದು, ತಾನು ಹೊಲಸು ಅಂತ ಒಪ್ಪಿಕೊಂಡದ್ದು. ಇದು ಹಾಗಲ್ಲ.

ಎಲ್ಲಕ್ಕಿಂತ ಕಡೆಗೆ ಅಧ್ಯಕ್ಷರ ಕೋಟು ಬಂತು. ಅಧ್ಯಕ್ಷರಿಗೆ ಹೆಂಗಸರು ಇಟ್ಟ ಹೆಸರು ಕರವಸ್ತ್ರ. ಅಂಗಳಕ್ಕೆ ಕಾಲಿಟ್ಟರೆ ಸಾಕು, ರೇಷ್ಮೆಯ ಕರವಸ್ತ್ರ ಮೂಗಿಗೆ ಏರುತ್ತಿತ್ತು. ಹೆಂಗಸರ ಜೊತೆ ಮಾತಾಡಬೇಕಾಗಿ ಬಂದರೆ ಅದರೊಳಗಿಂದಲೇ ಮಾತಾಡುತ್ತಿದ್ದರು.

"ಇವರಿಗೆ ಬಲಗೈ ಜೇಬಲ್ಲಿರಲಿ," ಎಂದ ಚಿತ್ರಗಾರ. "ಆರಾಮವಾಗಿ. ಪೂರ್ತಿ ಒಳಗೆ ಹಾಕಮ್ಮ, ಬೆರಳು ಬಿಡಿಸು."

ಬಿಡಿಸಿದಳು. ಒಳಗೆ ಏನೋ ಗಟ್ಟಿಯಾಗಿ, ಒಣರೊಟ್ಟಿಯ ತುಣುಕಿನಂತೆ ಕೈಗೆ ತಾಗಿತು. ಅದರ ಒಂದು ಮಗ್ಗುಲು ಮಾತ್ರ ಇನ್ನೂ ಹಸಿ. ಹೊರಗೆಳೆದು ನೋಡಿದಳು. ಅದೇ ರೇಷ್ಮೆ. ಎಷ್ಟು ತಿಂಗಳ ಸಿಂಬಳವೋ, ಪದರ ಪದರ ಒಣಗಿ, ಬಟ್ಟೆ ತಗಡಾಗಿತ್ತು.

"ಸ್ವಾಮಿ, ಇದನ್ನ ತೆಗೆದಿಡಲಾ?"

ಚಿತ್ರಗಾರ ಒಮ್ಮೆ ನೋಡಿ ಮುಖ ಆ ಕಡೆ ಮಾಡಿದ. "ಬೇಡ. ಜೇಬಿನ ಉಬ್ಬು ಹೋಗುತ್ತೆ. ಗೊಂಬೆಯ ಮೇಲೆ ಅರ್ಧ ಬರೆದಾಗಿದೆ. ಒಳಗೇ ಇರಲಿ."

ಮೂರು ದಿನ ಅವಳ ಬಲಗೈ ಅದರ ಮೇಲೆ ಮಲಗಿತ್ತು. ಬೆರಳ ಬಿಸಿಗೆ ಅದು ಮೆಲ್ಲಗೆ ಕರಗಿ ಮತ್ತೆ ಅಂಟತೊಡಗಿತು. ಅಂಟು ಎಂದರೇನು ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಈ ಮನುಷ್ಯ ತನ್ನ ಮೂಗಿನಿಂದ ನಮ್ಮನ್ನು ದೂರವಿಟ್ಟದ್ದು ಇದರಿಂದ ಅಂದುಕೊಂಡಳು. ಕೈ ಅಲುಗಿಸಲಿಲ್ಲ; ಅಲುಗಿಸಿದರೆ ನಾಳೆ ಬಿಸಿನೀರಿಲ್ಲ.

ಮೂರನೆಯ ದಿನ ಒಲೆ ಬೇಗ ಆರಿತ್ತು, ಕೈಯನ್ನು ತಣ್ಣೀರಲ್ಲಷ್ಟೇ ತೊಳೆದು ಮಗಳ ಮನೆಗೆ ಹೋದಳು. ಮಗಳು ಮೂಗರಳಿಸಿದಳು.

"ಇದೇನಮ್ಮ, ಇವತ್ತು ಬೇರೆ ಥರ ವಾಸನೆ?"

"ಅಧ್ಯಕ್ಷರದ್ದು."

"ಥೂ. ನಿಂದೇ ವಾಸಿಯಿತ್ತು," ಎಂದಳು ಮಗಳು. ಇಬ್ಬರೂ ನಕ್ಕರು. ಆದರೂ ಆ ದಿನ ಮಗುವನ್ನು ಕೊಡಲಿಲ್ಲ. ಅಂಟಕ್ಕ ಕೇಳಲೂ ಇಲ್ಲ.

ಚಿತ್ರ ಮುಗಿಯಿತು. ಗೋಡೆಗೆ ಅಂಟಿಸುವ ಹಿಂದಿನ ದಿನ ಒಂಬತ್ತು ಜನರೂ ನೋಡಲು ಬಂದರು. ಮುಖ ನನ್ನದಲ್ಲ, ಮೂಗು ದಪ್ಪವಾಯಿತು, ಕತ್ತು ಗಿಡ್ಡವಾಯಿತು ಎಂದು ಒಬ್ಬೊಬ್ಬರದೂ ಒಂದೊಂದು ತಕರಾರು. ಕೈಗಳ ವಿಷಯದಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. "ನನ್ನ ಕೈ ಮಾತ್ರ ಇದ್ದ ಹಾಗೇ ಬಂದಿದೆ," ಎಂದರು ಖಜಾಂಚಿ, ತಮ್ಮ ಗಂಟುಗಂಟಾದ ಬೆರಳುಗಳನ್ನು ಚಿತ್ರದ ಪಕ್ಕ ಹಿಡಿದು. "ನಂದೂ," ಎಂದರು ಪಕ್ಕದವರು. ಒಂಬತ್ತು ಜನರಲ್ಲಿ ಒಬ್ಬರಿಗೂ ಪಕ್ಕದವನ ಕೈ ತನ್ನದರಂತೆಯೇ ಇದೆಯಲ್ಲ ಎಂದು ಹೊಳೆಯಲಿಲ್ಲ. ಪಕ್ಕದವನನ್ನು ನೋಡಿದರೆ ತಾನೇ.

ಅಂಟಿನ ಬಾನಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಂಟಕ್ಕ ಗಂಟಲು ಸರಿಮಾಡಿಕೊಂಡಳು.

"ಸ್ವಾಮಿ, ಒಂದು ಮಾತು. ಸಂಜೆ ಅರ್ಧ ಗಂಟೆ ಆ ಹಂಡೆ ನೀರು ಹೆಂಗಸರಿಗೆ ಬಿಟ್ಟರೆ ಸಾಕು. ಹೊರಗಡೆಯೇ ತೊಳ್ಕೊಳ್ತೀವಿ. ನಂಗೊಬ್ಬಳು ಮೊಮ್ಮಗಳಿದ್ದಾಳೆ."

ಕರವಸ್ತ್ರ ಮೇಲೇರಿತು, ಬೇರೆಯದು, ಹೊಸದು. "ಅಂಟಿನವರಿಗೆ ಅಂಟಿನ ವಾಸನೆ ಇಲ್ಲದೆ ಇನ್ನೇನು ಗುಲಾಬಿ ವಾಸನೆ ಇರುತ್ತಾ?" ಎಂದರು ಅಧ್ಯಕ್ಷರು ಅದರೊಳಗಿಂದ. "ಮೊಮ್ಮಗಳು ದೊಡ್ಡವಳಾಗಲಿ, ಅವಳಿಗೂ ಇಲ್ಲೇ ಕೆಲಸ ಕೊಡೋಣ. ಆಗ ನಿನ್ನ ವಾಸನೆ ಅವಳಿಗೆ ಗೊತ್ತೇ ಆಗಲ್ಲ." ಎಲ್ಲರೂ ನಕ್ಕರು. ಚಿತ್ರಗಾರ ಕುಂಚ ತೊಳೆಯುತ್ತಿದ್ದ. ಅವನು ನಗಲಿಲ್ಲ.

ಆಮೇಲೆ ಅಧ್ಯಕ್ಷರು ಬಾನಿಯತ್ತ ಬಗ್ಗಿದರು. ಚಿತ್ರವನ್ನು ಕಾರ್ಖಾನೆಯ ಅಂಟಿನಿಂದಲೇ ಅಂಟಿಸಬೇಕೆಂಬುದು ಅವರದೇ ಆಸೆ. ಅಂಟಕ್ಕ ತಂದಿದ್ದು ಮೊದಲ ಕುದಿ, ಜೇನಿನಂಥದ್ದು. ಪಕ್ಕದಲ್ಲಿ ಕಾರ್ಬಾಲಿಕ್ ಶೀಶೆ ಇತ್ತು, ಆಸ್ಪತ್ರೆಯ ನೆಲ ತೊಳೆಯುವ ಅದೇ ಖಾರದ ಔಷಧಿ. ಅದನ್ನು ಚಮಚದಷ್ಟು ಬೆರೆಸಿದರೆ ಅಂಟು ಕೊಳೆಯುವುದಿಲ್ಲ. ಅವಳು ಬಿರಡೆ ತೆಗೆದದ್ದೇ ಅಧ್ಯಕ್ಷರು ಹಿಂದೆ ಸರಿದರು.

"ಏನದು ಆಸ್ಪತ್ರೆ ನಾತ? ನಾಳೆ ಅತಿಥಿಗಳು ಬರ್ತಾರೆ. ಹಾಕಬೇಡ."

"ಹಾಕದಿದ್ರೆ ಕೊಳೆಯುತ್ತೆ ಸ್ವಾಮಿ."

"ಐವತ್ತು ವರ್ಷದಿಂದ ನಮ್ಮ ಅಂಟು ಕೊಳೆತಿಲ್ಲ."

"ಐವತ್ತು ವರ್ಷದಿಂದಾನೂ ಇದನ್ನ ಹಾಕ್ತಾನೇ ಇದ್ದೀವಿ. ಈ ಗೋಡೆ ಹಿಂದೆ ಹಂಡೆ ಬೇರೆ ಇದೆ. ಬಿಸಿ, ತೇವ. ಕೊಳೆಯುತ್ತೆ."

"ವಾಸನೆ ವಿಷಯ ನೀನು ನಂಗೆ ಹೇಳಿಕೊಡ್ತೀಯಾ?"

ಅಂಟಕ್ಕ ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಬೇಕೆಂದು ಬಾಯಿ ತೆರೆದವಳು, ಆ ರೇಷ್ಮೆಯನ್ನು ನೋಡಿದಳು. ಬಲಗೈಯ ಬೆರಳುಗಳು ತಾವಾಗಿ ಒಂದನ್ನೊಂದು ಉಜ್ಜಿಕೊಂಡವು. ಬಿರಡೆ ಹಾಕಿದಳು. ಅಂಟನ್ನು ಮಾತ್ರ ತೆಳುವಾಗಿ, ಸಮವಾಗಿ, ಗಂಟಿಲ್ಲದೆ ಗೋಡೆಯ ತುಂಬ ಬಳಿದಳು. ಕೆಲಸದಲ್ಲಿ ಕಳ್ಳತನ ಮಾಡಿದವಳಲ್ಲ.

ಸಮಾರಂಭ ಚೆನ್ನಾಗಿಯೇ ಆಯಿತು. ಮರುದಿನದಿಂದ ಹಂಡೆಯ ಸಂದಿಗೆ ಬೀಗ ಬಿತ್ತು, ಚಿತ್ರಗಾರ ಹೊರಟುಹೋದ, ಅಂಟಕ್ಕ ಮತ್ತೆ ಮಗಳ ಮನೆಯ ಬಾಗಿಲಿಗೆ ಬಂದು ಕೂತಳು. ತೊಡೆಯ ರುಚಿ ಕಂಡಿದ್ದ ಮಗು ಒಳಗಿಂದ ಕೈ ಚಾಚಿ ಅತ್ತಿತು. ಮೊದಲಿಗಿಂತ ಅದೇ ಹೆಚ್ಚು ಕಷ್ಟವಾಯಿತು.

ಮೂರನೆಯ ವಾರಕ್ಕೆ ಭವನದಲ್ಲಿ ಯಾರೋ ಒಬ್ಬರು ಪಕ್ಕದವರ ಬೂಟಿನ ಕಡೆ ನೋಡಿದರಂತೆ. ಐದನೆಯ ವಾರಕ್ಕೆ ಎಲ್ಲರೂ ಎಲ್ಲರ ಬೂಟು ನೋಡತೊಡಗಿದರು. ಅಂಗಳದ ಗಾಳಿ ಬರುತ್ತಿದೆ ಎಂದು ಕಿಟಕಿ ಮುಚ್ಚಿಸಿದರು, ನಾತ ಇಮ್ಮಡಿಯಾಯಿತು. ಇಲಿ ಸತ್ತಿದೆ ಎಂದು ಭವನದ ಸುತ್ತ ನೆಲ ಅಗೆಸಿದರು. ಹೆಂಗಸರು ಆ ದಾರಿಯಲ್ಲಿ ಓಡಾಡಕೂಡದೆಂದು ಹಗ್ಗ ಕಟ್ಟಿಸಿದರು. ಗೋಡೆಯ ಮೇಲೆ ಒಂಬತ್ತು ಜನರೂ ಒಳಗೊಳಗೇ ಕೊಳೆಯುತ್ತ, ಬೆಳ್ಳನೆಯ ಕೈಗಳನ್ನು ತೋರಿಸಿಕೊಂಡು ಹಾಗೇ ಇದ್ದರು. ಅವರನ್ನು ಕೀಳುವ ಹಾಗಿಲ್ಲ. ಮೊದಲ ಕುದಿಯ ಅಂಟು, ಕೊಳೆತರೂ ಬಿಡುವುದಿಲ್ಲ.

ಎರಡು ಚಳಿಗಾಲ ಕಳೆದ ಮೇಲೆ ಯಜಮಾನರು ಸಭೆಯನ್ನು ಪೇಟೆಯ ಕಚೇರಿಗೆ ವರ್ಗಾಯಿಸಿದರು. ಗುಮಾಸ್ತ ಬಂದು ಬೀಗದ ಕೈಯನ್ನು ಅಂಟಕ್ಕನ ಮುಂದೆ ಇಟ್ಟ.

"ಹೆಂಗಸರು ಏನೋ ಕೇಳ್ತಿದ್ರಲ್ಲ. ತಗೊಳ್ಳಿ. ಆ ಕೊಂಪೇಲಿ ನೀವಲ್ಲದೆ ಇನ್ಯಾರು ಇರ್ತಾರೆ?"

ಹೆಂಗಸರು ರತ್ನಗಂಬಳಿ ಕಿತ್ತು ಬಿಸಾಕಿದರು. ಕೆಳಗೆ ಬಚ್ಚಲ ಕಂಡಿ ಹೊಸದರಂತೆಯೇ ಇತ್ತು. ಮೊದಲ ಸಂಜೆ ಮೂಳೆ ಒಡೆಯುವವಳೊಬ್ಬಳು ಗೋಡೆಯ ಕಡೆ ನೋಡಿ ಮೈಮೇಲಿನ ಬಟ್ಟೆ ಬಿಗಿಯಾಗಿ ಹಿಡಿದು ನಿಂತಳು. "ಈ ಮುದಿಗೊಡ್ಡುಗಳ ಮುಂದೆ ನಾನು ಬಿಚ್ಚಲ್ಲಪ್ಪ."

"ಕಣ್ಣು ಮಾತ್ರ ಅವರದು," ಎಂದಳು ಅಂಟಕ್ಕ. "ಕೈ ಎಲ್ಲ ನಂದೇ. ಏನೂ ಮಾಡಲ್ಲ, ಬಾ." ಆದರೂ ಗೋಣಿ ಹೊಲಿದು ಉದ್ದಕ್ಕೂ ಪರದೆ ಕಟ್ಟಿದರು. ಗೋಣಿಯ ಹಿಂದಿನಿಂದ ನಾತ ಬರುತ್ತಲೇ ಇತ್ತು, ಆವಿ ಹೆಚ್ಚಿದಷ್ಟೂ ಹೆಚ್ಚಾಗಿ. ಹೆಂಗಸರು ಬಾಯಲ್ಲಿ ಉಸಿರಾಡುತ್ತ, ಯಜಮಾನರ ಹೆಸರು ಹಿಡಿದು ಬೈಯುತ್ತ, ಕೊಡಗಟ್ಟಲೆ ಬಿಸಿನೀರು ಹೊಯ್ದುಕೊಂಡರು. ಚಿತ್ರಶಾಲೆಯವರು ಆ ಗೋಡೆಯನ್ನೇ ಕೊಯ್ದು ಹೊತ್ತೊಯ್ದದ್ದು ಎಷ್ಟೋ ವರ್ಷ ಕಳೆದ ಮೇಲೆ, ಅಂಟಕ್ಕ ತೀರಿಕೊಂಡ ನಂತರ.

ಬೀಗದ ಕೈ ಸಿಕ್ಕ ಮೇಲೆ ಏಳು ಸಂಜೆ ತೊಳೆದು ಅಂಟಕ್ಕ ಮಗಳ ಮನೆಗೆ ಹೋದಳು. ಮೊಮ್ಮಗಳಿಗೆ ಈಗ ಮೂರು ತುಂಬುತ್ತಿತ್ತು. ಅಜ್ಜಿ ಬಂದರೆ ಮೂಗು ಹಿಡಿಯುವುದು ಅವಳಿಗೆ ಒಂದು ಆಟವಾಗಿತ್ತು. ಯಾರೂ ಕಲಿಸಿರಲಿಲ್ಲ, ಎಲ್ಲರನ್ನೂ ನೋಡಿ ತಾನೇ ಕಲಿತದ್ದು. ಬಾಗಿಲಲ್ಲಿ ಅಜ್ಜಿಯನ್ನು ಕಂಡದ್ದೇ ಎರಡು ಬೆರಳಿಂದ ಮೂಗು ಹಿಡಿದು ಕಿಲಕಿಲ ನಕ್ಕಳು.

"ಬಿಡೇ, ಇವತ್ತು ಅಜ್ಜಿ ನಾರಲ್ಲ," ಎಂದಳು ಮಗಳು, ತಾನು ಮೂಸಿ ನೋಡಿ.

ಮಗು ಬಿಡಲಿಲ್ಲ. ಮೂಗು ಹಿಡಿದುಕೊಂಡೇ ಬಂದು, ಒಂದೇ ಕೈಯ ಆಸರೆಯಲ್ಲಿ ಕಷ್ಟಪಟ್ಟು ಅಜ್ಜಿಯ ತೊಡೆ ಹತ್ತಿತು. ಹತ್ತಿ ಕೂತು, ಉಳಿದ ಆ ಕೈಯಿಂದ ಅಜ್ಜಿಯ ಮೂಗನ್ನೂ ಹಿಡಿಯಿತು. ಅಂಟಕ್ಕ ಬೆಳ್ಳಗಿನ ಎರಡೂ ಕೈಗಳಿಂದ ಅದನ್ನು ಬಳಸಿ, ಬಾಯಲ್ಲಿ ಉಸಿರಾಡುತ್ತ, ಅದು ತಾನಾಗಿ ಬಿಡುವ ತನಕ ಅಲುಗದೆ ಕೂತಳು. ಅಲುಗದೆ ಕೂರುವುದು ಅವಳಿಗೆ ಅಭ್ಯಾಸವಾಗಿತ್ತು.